ಸ್ವಂತ ಲೈಬ್ರರಿ ಬರೆಯುವವರಿಗೆ ಎಲ್‌ಎಲ್‌ಡಿ ಲಿಂಕರ್

ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ತಾವೇ ಬರೆದ ಲೈಬ್ರರಿಯನ್ನು ಇನ್ನೊಂದು ಪ್ರೋಗ್ರಾಮಿಗೆ ಜೋಡಿಸುವವರನ್ನು ಕಂಪೈಲರ್‌ಗಿಂತ ಹೆಚ್ಚಾಗಿ ಕಾಡುವುದು ಲಿಂಕರ್, ಅಂದರೆ ಕಂಪೈಲ್ ಆದ ತುಣುಕುಗಳನ್ನು ಒಂದು ಪ್ರೋಗ್ರಾಮಾಗಿ ಜೋಡಿಸುವ ಉಪಕರಣ. ಕಂಪೈಲರ್ ತಪ್ಪಿರುವ ಸಾಲನ್ನೇ ತೋರಿಸುತ್ತದೆ. ಲಿಂಕರ್ ಇಂಥ ಹೆಸರು ಸಿಗಲಿಲ್ಲ ಎಂದಷ್ಟೇ ಹೇಳಿ ನಿಲ್ಲುವುದರಿಂದ, ಏಕೆ ಸಿಗಲಿಲ್ಲ ಎಂಬುದನ್ನು ನಾವೇ ಹುಡುಕಬೇಕಾಗುತ್ತದೆ. ಎಲ್‌ಎಲ್‌ವಿಎಂ ಎಂಬ ಮುಕ್ತ ಕಂಪೈಲರ್ ಯೋಜನೆಯ ಎಲ್‌ಎಲ್‌ಡಿ ಲಿಂಕರ್ ವೇಗಕ್ಕೆ ಹೆಸರಾದದ್ದು. ಆದರೆ ಸಣ್ಣ ಲೈಬ್ರರಿಗಳಲ್ಲಿ ಆ ವೇಗ ಗಮನಕ್ಕೂ ಬರುವುದಿಲ್ಲ; ನಾನು ಅದನ್ನು ಮೆಚ್ಚುವುದು ಅದರ ದೋಷ ಸಂದೇಶಗಳಿಗಾಗಿ.

ಒಂದು ಉದಾಹರಣೆ ನೋಡೋಣ. ಬಡ್ಡಿ ಲೆಕ್ಕ ಮಾಡುವ ಫಂಕ್ಷನ್ ಒಂದನ್ನು ಸಿ ಭಾಷೆಯಲ್ಲಿ ಬರೆದು, ಅದರ ಹೆಡರ್ (ಫಂಕ್ಷನ್ನಿನ ಘೋಷಣೆ ಇರುವ ಫೈಲು) ಅನ್ನು ಸಿ ಪ್ಲಸ್ ಪ್ಲಸ್ ಫೈಲಿನಲ್ಲಿ ಸೇರಿಸಿಕೊಂಡಿದ್ದೇವೆ, ಆದರೆ ಹೆಡರಿನಲ್ಲಿ ಇದು ಸಿ ಫಂಕ್ಷನ್ ಎಂದು ತಿಳಿಸುವ ಎಕ್ಸ್‌ಟರ್ನ್ ಸಿ ಎಂಬ ಘೋಷಣೆ ಇಲ್ಲ ಎಂದುಕೊಳ್ಳಿ. ಸಿ ಪ್ಲಸ್ ಪ್ಲಸ್ ಕಂಪೈಲರ್ ಫಂಕ್ಷನ್ನಿನ ಹೆಸರಿಗೆ ಅದರ ಆರ್ಗ್ಯುಮೆಂಟ್‌ಗಳ ಗುರುತನ್ನೂ ಸೇರಿಸುವುದರಿಂದ, ಕೇಳಿದ ಹೆಸರೂ ಲೈಬ್ರರಿಯಲ್ಲಿರುವ ಹೆಸರೂ ಬೇರೆಬೇರೆಯಾಗುತ್ತವೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಗ್ನೂ ಲಿಂಕರ್ ಇಲ್ಲಿ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ಹೇಳಿ ಮುಗಿಸುತ್ತದೆ. ಎಲ್‌ಎಲ್‌ಡಿ ಅದೇ ದೋಷವನ್ನು ತಿಳಿಸಿ, ಕರೆ ಎಲ್ಲಿಂದ ಬಂದಿದೆ ಎಂಬುದನ್ನು ತೋರಿಸಿ, ಅದರ ಕೆಳಗೆ ‘ನೀವು ಕೇಳಿದ್ದು ಎಕ್ಸ್‌ಟರ್ನ್ ಸಿ ರೂಪದ ಈ ಹೆಸರನ್ನೇ?’ ಎಂಬರ್ಥದ ಸಾಲನ್ನೂ ಸೇರಿಸುತ್ತದೆ. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದಾಗಲೂ ಹತ್ತಿರದ ಹೆಸರನ್ನು ಹೀಗೆಯೇ ಸೂಚಿಸುತ್ತದೆ. ಹೊಸದಾಗಿ ಕಲಿಯುತ್ತಿರುವವರಿಗೆ ಈ ಒಂದು ಸಾಲು ಅರ್ಧ ದಿನದ ಅಲೆದಾಟವನ್ನು ಉಳಿಸಬಲ್ಲದು.

ಒಂದೇ ಹೆಸರು ಎರಡು ಕಡೆ ಬಂದಾಗ, ಆ ಎರಡೂ ಜಾಗಗಳನ್ನು ಎಲ್‌ಎಲ್‌ಡಿ ಒಂದರ ಕೆಳಗೊಂದು ಕೊಡುತ್ತದೆ. ಇನ್‌ಲೈನ್ ಎಂದು ಹೇಳದೆ ಫಂಕ್ಷನ್ನಿನ ಇಡೀ ದೇಹವನ್ನು ಹೆಡರಿನಲ್ಲೇ ಬರೆದುಬಿಡುವುದು ಇದಕ್ಕೆ ಸಾಮಾನ್ಯ ಕಾರಣ.

ಇಷ್ಟು ಹೊಗಳಿದ ಮೇಲೂ, ಲೈಬ್ರರಿಯನ್ನು ಇತರರಿಗೆ ಕೊಡುವವರು ಗಂಭೀರವಾಗಿ ಪರಿಗಣಿಸಬೇಕಾದ ತೊಡಕು ಒಂದಿದೆ. ಗ್ನೂ ಲಿಂಕರ್ ಕಮಾಂಡಿನಲ್ಲಿರುವ ಫೈಲುಗಳನ್ನು ಎಡದಿಂದ ಬಲಕ್ಕೆ ಓದುತ್ತದೆ. ಸ್ಟ್ಯಾಟಿಕ್ ಲೈಬ್ರರಿ (ಕಂಪೈಲ್ ಆದ ಆಬ್ಜೆಕ್ಟ್ ಫೈಲುಗಳ ಕಟ್ಟು) ಎದುರಾದಾಗ, ಅಲ್ಲಿಯವರೆಗೆ ಯಾರಾದರೂ ಕೇಳಿರುವ ಹೆಸರುಗಳಿಗೆ ಬೇಕಾದ ಆಬ್ಜೆಕ್ಟ್ ಫೈಲುಗಳನ್ನಷ್ಟೇ ಅದರಿಂದ ತೆಗೆದುಕೊಂಡು ಮುಂದೆ ಸಾಗುತ್ತದೆ. ಆದ್ದರಿಂದ ಲೈಬ್ರರಿಯ ಹೆಸರು ಅದನ್ನು ಬಳಸುವ ಫೈಲಿಗಿಂತ ಮುಂಚೆ ಬಂದರೆ, ಎಲ್ಲವೂ ಸರಿಯಾಗಿದ್ದರೂ ಹೆಸರು ಸಿಗಲಿಲ್ಲ ಎಂಬ ದೂರು ಬರುತ್ತದೆ. ಎಲ್‌ಎಲ್‌ಡಿ ಹಿಂದೆ ಕಂಡ ಲೈಬ್ರರಿಯಲ್ಲಿ ಏನೇನಿತ್ತೆಂಬುದನ್ನು ನೆನಪಿಟ್ಟುಕೊಳ್ಳುವುದರಿಂದ ಅದಕ್ಕೆ ಈ ಕ್ರಮ ಅಷ್ಟಾಗಿ ಮುಖ್ಯವಲ್ಲ. ಬರೆಯುವವನಿಗೆ ಇದು ಹಿತವೇ; ಆದರೆ ಅವನ ಯಂತ್ರದಲ್ಲಿ ಸರಾಗವಾಗಿ ಬಿಲ್ಡ್ ಆದದ್ದು, ಗ್ನೂ ಲಿಂಕರ್ ಬಳಸುವ ಬಳಕೆದಾರನ ಯಂತ್ರದಲ್ಲಿ ಕೆಡುತ್ತದೆ. ಇದಕ್ಕಾಗಿಯೇ ‘ವಾರ್ನ್-ಬ್ಯಾಕ್‌ರೆಫ್ಸ್’ ಎಂಬ ಆಯ್ಕೆ ಇದೆ, ಕ್ರಮ ತಪ್ಪಿದಲ್ಲಿ ಅದು ಎಚ್ಚರಿಸುತ್ತದೆ. ಅದನ್ನು ಹಾಕದೆ ಲೈಬ್ರರಿ ಬಿಡುಗಡೆ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಕೆಲವು ರೋಗಗಳಿಗೆ ಎಲ್‌ಎಲ್‌ಡಿಯಲ್ಲೂ ನೇರ ಮದ್ದಿಲ್ಲ. ಟೆಂಪ್ಲೇಟ್‌ನ (ಹಲವು ಬಗೆಯ ದತ್ತಾಂಶಕ್ಕೆ ಒಂದೇ ಸಲ ಬರೆಯುವ ಕೋಡಿನ) ದೇಹವನ್ನು ಹೆಡರಿನಲ್ಲಿಡದೆ ಬೇರೆ ಸೋರ್ಸ್ ಫೈಲಿನಲ್ಲಿಟ್ಟರೆ ಹೆಸರಿಲ್ಲ ಎಂದಷ್ಟೇ ಹೇಳುತ್ತದೆ, ಕಾರಣ ಹೇಳುವುದಿಲ್ಲ. 2015ರಲ್ಲಿ ಬಂದ, ಗ್ನೂ ಕಂಪೈಲರ್ ಆದ ಜಿಸಿಸಿಯ 5ನೇ ಆವೃತ್ತಿಯಿಂದ ಸಿ ಪ್ಲಸ್ ಪ್ಲಸ್‌ನ ಸ್ಟ್ರಿಂಗ್ ಮತ್ತು ಲಿಸ್ಟ್‌ಗಳ ಒಳರಚನೆ ಬದಲಾಗಿದ್ದು, ಹಳೆಯ ರಚನೆಯ ಲೈಬ್ರರಿಯನ್ನು ಹೊಸ ಪ್ರೋಗ್ರಾಮಿಗೆ ಜೋಡಿಸಿದಾಗ ಬರುವ ದೋಷವೂ ಹೀಗೆಯೇ. ಸಂದೇಶದಲ್ಲಿ ‘ಸಿಎಕ್ಸ್‌ಎಕ್ಸ್11’ ಎಂಬ ತುಣುಕು ಕಂಡರೆ ಮೊದಲು ಇದನ್ನೇ ಸಂಶಯಿಸಬೇಕು. ಇಂಥಲ್ಲಿ ‘ಎನ್‌ಎಂ’ ಎಂಬ ಹಳೆಯ ಉಪಕರಣವೇ ಗತಿ: ಲೈಬ್ರರಿಯ ಮೇಲೆ ಅದನ್ನು ಓಡಿಸಿದಾಗ ಫಂಕ್ಷನ್ನಿನ ಹೆಸರಿನ ಮುಂದೆ ‘ಟಿ’ ಇದ್ದರೆ ಅದು ಅಲ್ಲಿದೆ, ‘ಯು’ ಇದ್ದರೆ ಅದನ್ನು ಬೇರೆಡೆಯಿಂದ ನಿರೀಕ್ಷಿಸಲಾಗಿದೆ ಎಂದರ್ಥ.

ಎಲ್‌ಎಲ್‌ಡಿ ಉಚಿತ ಮತ್ತು ಮುಕ್ತ ತಂತ್ರಾಂಶ. ಆಂಡ್ರಾಯ್ಡ್‌ಗಾಗಿ ಸಿ, ಸಿ ಪ್ಲಸ್ ಪ್ಲಸ್ ಕೋಡ್ ಬರೆಯುವವರ ಉಪಕರಣಗಳ ಕಟ್ಟಾದ ಎನ್‌ಡಿಕೆ ತನ್ನ ಆರ್22 ಆವೃತ್ತಿಯಿಂದ ಇದನ್ನೇ ಡೀಫಾಲ್ಟ್ ಲಿಂಕರ್ ಆಗಿ ಬಳಸುತ್ತಿದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಎಲ್‌ಎಲ್‌ಡಿ ಎಂಬ ಹೆಸರಿನಲ್ಲೇ ಇರುವ ಪ್ಯಾಕೇಜನ್ನು ಸ್ಥಾಪಿಸಿ, ‘ಎಫ್‌ಯೂಸ್-ಎಲ್‌ಡಿ’ ಆಯ್ಕೆಗೆ ಅದರ ಹೆಸರು ಕೊಟ್ಟರೆ ಜಿಸಿಸಿ ಮತ್ತು ಎಲ್‌ಎಲ್‌ವಿಎಂನ ಕಂಪೈಲರ್ ಆದ ಕ್ಲ್ಯಾಂಗ್ ಎರಡೂ ಅದನ್ನು ಬಳಸುತ್ತವೆ. ಬಿಡುಗಡೆಗೆ ಮುನ್ನ ಗ್ನೂ ಲಿಂಕರ್‌ನಲ್ಲೂ ಒಮ್ಮೆ ಪೂರ್ತಿ ಬಿಲ್ಡ್ ಮಾಡಿ ನೋಡಿ.