ಮುಧೋಳ ನಾಯಿಯ ಗರ್ಭಕೋಶದ ಶಸ್ತ್ರಚಿಕಿತ್ಸೆ: ಹುಬ್ಬಳ್ಳಿಯ ಒಂದು ಪಶು ಚಿಕಿತ್ಸಾಲಯದ ಅನುಭವ

ಧಾರವಾಡದ ನಮ್ಮ ಮನೆಯ ಕಾಶಿ ಏಳು ವರ್ಷದ ಮುಧೋಳ ತಳಿಯ ಹೆಣ್ಣು ನಾಯಿ. ಕಳೆದ ಮಳೆಗಾಲದಲ್ಲಿ ಅದು ಎರಡು ದಿನ ರೊಟ್ಟಿ ಮುಟ್ಟದೆ, ನೀರನ್ನು ಮಾತ್ರ ಬೋಗುಣಿಗಟ್ಟಲೆ ಕುಡಿದು, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆಂದು ಬಾಗಿಲು ಕೆರೆಯತೊಡಗಿತು. ಮೊದಲು ತೋರಿಸಿದ ಕಡೆ ಅಜೀರ್ಣವೆಂದು ಒಂದು ಇಂಜೆಕ್ಷನ್ ಹಾಕಿ ಕಳುಹಿಸಿದರು. ಮೂರನೆಯ ದಿನ ವಾಂತಿ ಶುರುವಾದಾಗ, ನೆರೆಯವರ ಮಾತಿನ ಮೇಲೆ, ಹುಬ್ಬಳ್ಳಿಯ ಖಾಸಗಿ ಪಶು ಚಿಕಿತ್ಸಾಲಯವೊಂದಕ್ಕೆ ಕರೆದೊಯ್ದೆವು. ರೋಗವನ್ನು ಗುರುತಿಸುವುದರಲ್ಲಿಯೂ ಶಸ್ತ್ರಚಿಕಿತ್ಸೆಯಲ್ಲಿಯೂ ಅಲ್ಲಿಯ ವೈದ್ಯರನ್ನು ಧೈರ್ಯವಾಗಿ ನಂಬಬಹುದು. ನಾಯಿ ಮನೆಗೆ ಹೊರಟ ಮೇಲಿನ ಆರೈಕೆಯ ವಿಷಯದಲ್ಲಿ ಮಾತ್ರ ಅಲ್ಲಿಯ ವ್ಯವಸ್ಥೆ ಸಡಿಲವಾಗಿದೆ.

ಡಾಕ್ಟರು ಥರ್ಮಾಮೀಟರ್ ಕೈಗೆತ್ತಿಕೊಳ್ಳುವ ಮೊದಲೇ ಕೇಳಿದ ಪ್ರಶ್ನೆ, "ಬೆದಿಗೆ ಯಾವಾಗ ಬಂದಿತ್ರೀ?" ಒಂದೂವರೆ ತಿಂಗಳಾಯಿತೆಂದು ನನ್ನ ಹೆಂಡತಿ ಹೇಳಿದ್ದೇ ತಡ, ಅವರು ಕಾಶಿಯ ಹೊಟ್ಟೆಯನ್ನು ಎರಡೂ ಕೈಗಳಿಂದ ಮೆಲ್ಲಗೆ ಒತ್ತಿ ನೋಡಿ ಸ್ಕ್ಯಾನಿಂಗಿಗೆ ಕಳುಹಿಸಿದರು. ಕೂದಲು ಬೋಳಿಸಿ ಜೆಲ್ ಹಚ್ಚಿದಾಗ ಪರದೆಯ ಮೇಲೆ ಕಂಡದ್ದು, ಪಡವಲಕಾಯಿಯ ಹಾಗೆ ಉಬ್ಬಿ ಒಂದರ ಪಕ್ಕ ಒಂದು ಮಡಿಚಿಕೊಂಡಿದ್ದ ಕಪ್ಪು ಕೊಳವೆಗಳು. ಗರ್ಭಕೋಶದ ತುಂಬ ಕೀವು. ಬೆದೆ ಕಳೆದ ಮೇಲೆ ನಾಯಿ ಗಬ್ಬವಾಗದಿದ್ದರೂ ಅದರ ಮೈಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಸುಮಾರು ಎರಡು ತಿಂಗಳು ಹೆಚ್ಚಾಗಿಯೇ ಇರುತ್ತದೆಂದೂ, ಅದರಿಂದ ಗರ್ಭಕೋಶದ ಒಳಪದರ ದಪ್ಪವಾಗಿ, ಸೋಂಕನ್ನು ಎದುರಿಸುವ ಶಕ್ತಿ ಕುಗ್ಗಿ, ಒಳಸೇರಿದ ಬ್ಯಾಕ್ಟೀರಿಯಾ ಅಲ್ಲಿಯೇ ಬೆಳೆಯುತ್ತದೆಂದೂ ಅವರು ಪರದೆ ತೋರಿಸುತ್ತಲೇ ವಿವರಿಸಿದರು. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಸೋರಿ ಮನೆಯವರಿಗೆ ಗೊತ್ತಾಗುತ್ತದೆ. ಕಾಶಿಗೆ ಬಾಯಿ ಮುಚ್ಚಿಕೊಂಡಿತ್ತು; ಹೊರಗೆ ಒಂದು ಹನಿಯೂ ಇರಲಿಲ್ಲ. ಇಂಥ ಪ್ರಕರಣದಲ್ಲಿ ನಂಜು ರಕ್ತಕ್ಕೆ ಏರಿ ಮೂತ್ರಪಿಂಡಗಳು ಕೆಡಬಹುದು, ಗರ್ಭಕೋಶವೇ ಒಡೆಯಲೂಬಹುದು. ನೀರಡಿಕೆಯ ಗುಟ್ಟು ನಮಗೆ ಅರ್ಥವಾದದ್ದು ಆಗಲೇ.

ಹಾಗೆಂದು ಅವರು ಆ ಕ್ಷಣವೇ ನಾಯಿಯನ್ನು ಮೇಜಿನ ಮೇಲೆ ಮಲಗಿಸಲಿಲ್ಲ. ರಕ್ತ ತೆಗೆದು ಬಿಳಿ ರಕ್ತಕಣಗಳ ಎಣಿಕೆ ಮತ್ತು ಮೂತ್ರಪಿಂಡಗಳ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿ, ಸಂಜೆಯವರೆಗೆ ಸಲೈನ್ ಮತ್ತು ಆಂಟಿಬಯಾಟಿಕ್ ಕೊಟ್ಟು, ರಾತ್ರಿ ಎಂಟಕ್ಕೆ ಗರ್ಭಕೋಶವನ್ನೂ ಅಂಡಾಶಯಗಳನ್ನೂ ಒಟ್ಟಿಗೆ ತೆಗೆದರು. ಮುಧೋಳದಂಥ ಬೇಟೆ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಹಳೆಯ ಕಾಲದ ಥಯೊಪೆಂಟೋನ್ ಅರಿವಳಿಕೆಯಿಂದ ಅವು ಎಚ್ಚರಗೊಳ್ಳುವುದು ತಡವಾಗುತ್ತದೆ, ಮೈಯೂ ಬೇಗ ತಣ್ಣಗಾಗುತ್ತದೆ. ಅದಕ್ಕಾಗಿ ಪ್ರೊಪೊಫಾಲ್ ಎಂಬ ಬೇರೆ ಅರಿವಳಿಕೆ ಬಳಸಿ, ಮೇಜಿನ ಮೇಲೆ ಕಂಬಳಿ ಹಾಸಿ, ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟಿದ್ದರು. ತಳಿ ನೋಡಿ ಔಷಧಿ ಆರಿಸುವ ಈ ಎಚ್ಚರಿಕೆಯನ್ನು ನಾನು ಬೇರೆಡೆ ಕಂಡಿಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೇರಿದ ತಳಿಯೆಂದು ನಾವು ಹೆಮ್ಮೆಪಡುತ್ತೇವೆಯೇ ಹೊರತು ಅದರ ಮೈಗುಣ ಬಲ್ಲವರು ಕಡಿಮೆ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲ ಸೇರಿ 14,000 ರೂಪಾಯಿ ಆಯಿತು. ಮೊತ್ತ ದೊಡ್ಡದು, ಆದರೆ ಕೆಲಸಕ್ಕೆ ತಕ್ಕದ್ದೇ.

ತೊಂದರೆ ಶುರುವಾದದ್ದು ಮರುದಿನ ಸಂಜೆ, ಮನೆಗೆ ಹೊರಟಾಗ. ನೋವಿಗೆಂದು ಕೊಟ್ಟ ಮೆಲೊಕ್ಸಿಕ್ಯಾಮ್ ದ್ರಾವಣದ ಬಾಟಲಿಯ ಮೇಲೆ ನಾಯಿಯ ಹೆಸರಾಗಲಿ ಪ್ರಮಾಣವಾಗಲಿ ಬರೆದಿರಲಿಲ್ಲ. ಡಾಕ್ಟರು ದಿನಕ್ಕೊಮ್ಮೆ ಊಟದ ನಂತರ ಎಂದಿದ್ದರು. ಬಾಟಲಿ ಕೈಗಿತ್ತ ಕಂಪೌಂಡರ್ "ಮುಂಜಾನಿ ಒಮ್ಮಿ, ಸಂಜಿಕ ಒಮ್ಮಿ ಹಾಕ್ರಿ" ಎಂದರು. ಇದು ಸಣ್ಣ ವ್ಯತ್ಯಾಸವಲ್ಲ. ಈ ಔಷಧಿಯನ್ನು ನಾಯಿಗೆ ಕೊಡುವುದು ಮೊದಲ ದಿನದ ನಂತರ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂನಂತೆ, ದಿನಕ್ಕೆ ಒಂದೇ ಸಲ. 22 ಕಿಲೋದ ಕಾಶಿಗೆ, ಮಿಲಿಲೀಟರಿಗೆ 1.5 ಮಿಲಿಗ್ರಾಂ ಇರುವ ದ್ರಾವಣದಲ್ಲಿ, ಒಂದೂವರೆ ಮಿಲಿಲೀಟರಿನಷ್ಟು. ದುಪ್ಪಟ್ಟಾದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ರಾತ್ರಿ ಮೂರು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಸಂಜೆಯ ಡೋಸು ಕೊಡದೆ ಬಿಟ್ಟೆವು. ಬೆಳಿಗ್ಗೆ ಡಾಕ್ಟರೇ ತಿರುಗಿ ಫೋನ್ ಮಾಡಿ, ಬಿಟ್ಟದ್ದು ಒಳ್ಳೆಯದಾಯಿತೆಂದರು, ತಪ್ಪು ತಮ್ಮ ಕಡೆಯದೆಂದೂ ಒಪ್ಪಿಕೊಂಡರು.

ಹೊಲಿಗೆ ನೆಕ್ಕದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕಾಲರ್ ಒಂದೇ ಅಳತೆಯದಿತ್ತು. ಮುಧೋಳದ ಸಣ್ಣ ತಲೆ, ಉದ್ದ ಕೊರಳಿಗೆ ಅದು ಹತ್ತು ನಿಮಿಷವೂ ನಿಲ್ಲಲಿಲ್ಲ. ಕೊನೆಗೆ ನನ್ನ ಹಳೆಯ ಬನಿಯನ್ನಿನ ತೋಳುಗಳಲ್ಲಿ ಅದರ ಮುಂಗಾಲು ತೂರಿಸಿ, ಕೆಳಗಿನ ಅಂಚನ್ನು ಬಾಲದ ಮೇಲೆ ಗಂಟು ಹಾಕಿದೆವು. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಲು ಹೋದಾಗ ಕಾಶಿ ಅದೇ ಬನಿಯನ್ನಿನಲ್ಲಿತ್ತು. ಗಾಯ ಒಣಗಿತ್ತು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ಕೌಂಟರಿನ ಬಾಟಲಿಗಳ ಮೇಲೆ ಮಾತ್ರ ಅಂದೂ ಚೀಟಿ ಇರಲಿಲ್ಲ.