ಇಪಾಸ್ 2003 ಡಾಂಗಲ್: ಸಾಮಾನು ಗಟ್ಟಿ, ಗೋಳು ಡ್ರೈವರಿನದು

ಹಾಸನದ ಬಿ.ಎಂ. ರಸ್ತೆಯ ಆಡಿಟರ್ ಆಫೀಸಾಗಲಿ, ಚಿಕ್ಕಮಗಳೂರಿನ ಗುತ್ತಿಗೆದಾರರ ಮೇಜಾಗಲಿ, ಟೆಂಡರ್ ಸಹಿಗೆ, ಕಂಪನಿಗಳ ಜಿಎಸ್‌ಟಿ ಸಹಿಗೆ ಡಿಎಸ್‌ಸಿ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ಇರುವ ಡಾಂಗಲ್ ಬೇಕೇ ಬೇಕು. ಇವುಗಳಲ್ಲಿ ಫೈಟಿಯನ್ ಕಂಪನಿಯ ಇಪಾಸ್ 2003 ಹಳೆಯ ಪರಿಚಯದ್ದು. ನೋಡಲು ಪೆನ್‌ಡ್ರೈವ್, ಒಳಗಿರುವುದು ಸ್ಮಾರ್ಟ್ ಕಾರ್ಡ್ ಚಿಪ್ಪು ಮತ್ತು ಅದರ ರೀಡರ್. ಸಹಿ ಮೂಡಿಸುವ ಗುಟ್ಟಿನ ಸಂಖ್ಯೆ, ಅಂದರೆ ಖಾಸಗಿ ಕೀ, ಚಿಪ್ಪು ಬಿಟ್ಟು ಹೊರಗೆ ಬರುವುದಿಲ್ಲ, ಕಾಪಿ ಆಗುವುದಿಲ್ಲ. ಕೊಳ್ಳಲು ಅಡ್ಡಿಯಿಲ್ಲ.

‘ಡ್ರೈವರ್ ಕೂರುತ್ತಿಲ್ಲ’ ಎನ್ನುವವರಲ್ಲಿ ಹೆಚ್ಚಿನವರಿಗೆ ಡ್ರೈವರ್ ಆಗಲೇ ಕೂತಿರುತ್ತದೆ. ಈ ಡಾಂಗಲ್ ಯುಎಸ್‌ಬಿ ಕಾರ್ಡ್ ರೀಡರುಗಳಿಗೆಲ್ಲ ಸಾಮಾನ್ಯವಾದ ಸಿಸಿಐಡಿ ಪದ್ಧತಿಯದು, ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ 10 ಮತ್ತು 11ರ ಜೊತೆಗೇ ಬರುತ್ತದೆ. ಡಿವೈಸ್ ಮ್ಯಾನೇಜರಿನ ‘ಸ್ಮಾರ್ಟ್ ಕಾರ್ಡ್ ರೀಡರ್ಸ್’ ಕೆಳಗೆ ಹೆಸರು ಬಂದಿದ್ದೂ ಸರ್ಟಿಫಿಕೇಟ್ ಕಾಣದಿದ್ದರೆ, ಇಲ್ಲದಿರುವುದು ಮೇಲಿನ ಪದರ, ಅಂದರೆ ಡಾಂಗಲ್ ಒಳಗಿನ ಸರ್ಟಿಫಿಕೇಟನ್ನು ವಿಂಡೋಸಿಗೆ ತೋರಿಸುವ ಟೋಕನ್ ಮ್ಯಾನೇಜರ್ ತಂತ್ರಾಂಶ. ಡಾಂಗಲಿನ ‘ಆಟೋ’ ಮಾದರಿ ಚುಚ್ಚಿದೊಡನೆ ಸಿಡಿಯಂತೆ ತೆರೆದು ಇದರ ಇನ್‌ಸ್ಟಾಲರ್ ತೋರಿಸುತ್ತದೆ. ಅದು ಡಾಂಗಲ್ ತಯಾರಾದ ಕಾಲದ್ದು. ಸರ್ಟಿಫಿಕೇಟ್ ಕೊಟ್ಟವರ ಸೈಟಿನಿಂದ ಹೊಸದನ್ನೇ ಇಳಿಸಿಕೊಳ್ಳಿ. ಡಾಂಗಲ್ ಕಿತ್ತಿಟ್ಟು, ಹಳೆಯ ಆವೃತ್ತಿ ತೆಗೆದು, ರೀಸ್ಟಾರ್ಟ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ಹೊಸದನ್ನು ಹಾಕಿದ ಮೇಲೆ ಚುಚ್ಚಿ. ಹಳೆಯ ಯಾವುದೋ ಡ್ರೈವರನ್ನು ವಿಂಡೋಸ್ 11ರ ‘ಮೆಮರಿ ಇಂಟೆಗ್ರಿಟಿ’ ತಡೆದರೆ ಆ ರಕ್ಷಣೆಯನ್ನೇ ಆಫ್ ಮಾಡಿಕೊಡುವ ಅಂಗಡಿಯವರಿದ್ದಾರೆ. ಒಪ್ಪಬೇಡಿ. ಸಹಿ ಹಾಕುವ ಕಂಪ್ಯೂಟರಿಗೇ ಬೇಲಿ ಕಿತ್ತರೆ ಡಾಂಗಲ್ ಇದ್ದು ಏನು ಬಂತು?

ಬೆಂಗಳೂರಿನಿಂದ ಆಡಿಟರ್ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹಾಸನದ ಕಂಪ್ಯೂಟರಿಗೆ ಬಂದರೆ ಇಲ್ಲಿ ಚುಚ್ಚಿದ ಡಾಂಗಲ್ ಅವರಿಗೆ ಕಾಣುವುದಿಲ್ಲ. ಆ ಸೆಷನ್‌ನಲ್ಲಿ ವಿಂಡೋಸ್ ಹುಡುಕುವುದು ಅವರ ಕಡೆಯ ರೀಡರನ್ನು. ಡಾಂಗಲ್ ಕೆಟ್ಟಿಲ್ಲ, ಡ್ರೈವರ್ ಮತ್ತೆ ಹಾಕಿ ಪ್ರಯೋಜನವೂ ಇಲ್ಲ.

ಲಿನಕ್ಸ್‌ನಲ್ಲಿ ಕರ್ನಲ್‌ಗೆ (ಸಿಸ್ಟಮ್ಮಿನ ತಿರುಳಿಗೆ) ಡ್ರೈವರ್ ಮಾಡ್ಯೂಲ್ ಕಟ್ಟುವ ಕೆಲಸವೇ ಇಲ್ಲ. ಅದಕ್ಕೆಂದು ಹೆಡರ್ ಪ್ಯಾಕೇಜುಗಳ ಹಿಂದೆ ಬೀಳಬೇಡಿ. ಉಬುಂಟುವಿನಲ್ಲಿ ಪಿಸಿಎಸ್‌ಸಿಡಿ (pcscd), ಲಿಬ್‌ಸಿಸಿಐಡಿ (libccid) ಪ್ಯಾಕೇಜು ಹಾಕಿದರೆ ಸಾಕು, ಉಳಿದದ್ದು ಕರ್ನಲ್‌ನ ಹೊರಗೇ ನಡೆಯುತ್ತದೆ. ಎಲ್ಎಸ್‌ಯುಎಸ್‌ಬಿ (lsusb) ಕಮಾಂಡ್ ಕೊಟ್ಟಾಗ 096e:0807 ಕಂಡರೆ ಡಾಂಗಲ್ ಸಿಕ್ಕಿದೆ. ಆಮೇಲೆ ಕಂಪನಿಯ ಲಿಬ್‌ಕ್ಯಾಸಲ್ (libcastle) ಲೈಬ್ರರಿಯನ್ನು ಫೈರ್‌ಫಾಕ್ಸ್‌ನ ‘ಸೆಕ್ಯುರಿಟಿ ಡಿವೈಸಸ್’ನಲ್ಲಿ ಲೋಡ್ ಮಾಡಬೇಕು. ವಿಂಡೋಸ್‌ನಷ್ಟು ಸಲೀಸಲ್ಲ, ಅಂಕ ಕಳೆಯುವುದು ಇಲ್ಲೇ.

ಜಿಎಸ್‌ಟಿ ಸೈಟಿಗೆ ಇದೆಲ್ಲದರ ಮೇಲೆ ಸೈಟಿಗೂ ಡಾಂಗಲಿಗೂ ಕೊಂಡಿಯಾಗುವ ಎಂಸೈನರ್ ತಂತ್ರಾಂಶ ಓಡುತ್ತಿರಬೇಕು. ಅದು ಕೂರುವುದು ಕಂಪ್ಯೂಟರಿನ 1585ನೇ ಪೋರ್ಟಿನಲ್ಲಿ (ಸಂಪರ್ಕದ ಬಾಗಿಲಲ್ಲಿ). ಆ್ಯಂಟಿವೈರಸ್ ಅದನ್ನು ಮುಚ್ಚಿದ್ದರೂ ಬೈಗುಳ ತಿನ್ನುವುದು ಡಾಂಗಲ್ಲೇ.

12345678 ಎಂಬ ಮೂಲ ಪಿನ್ ಮೊದಲ ದಿನವೇ ಬದಲಿಸಿ. ತಪ್ಪು ಪಿನ್ ಮೇಲಿಂದ ಮೇಲೆ ಒತ್ತಿದರೆ ಲಾಕ್ ಆಗುತ್ತದೆ. ಆಗ ‘ಇನಿಷಿಯಲೈಸ್’ ಒತ್ತುವ ಮುಂಚೆ ಸರ್ಟಿಫಿಕೇಟ್ ಕೊಟ್ಟವರನ್ನು ಕೇಳಿ; ಒತ್ತಿದರೆ ಒಳಗಿನ ಕೀ, ಸರ್ಟಿಫಿಕೇಟ್ ಎರಡೂ ಅಳಿಸಿಹೋಗಿ ಹೊಸ ಡಿಎಸ್‌ಸಿಯನ್ನೇ ಮಾಡಿಸಬೇಕಾಗುತ್ತದೆ.