ಮದುವೆ ಮಂಟಪದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್: ಊಟಕ್ಕೆ ಐದು ಸ್ಟಾರ್, ಮಂಟಪಕ್ಕೆ ಎರಡು

ಶಿವಮೊಗ್ಗದಲ್ಲಿ ನೂರಿಪ್ಪತ್ತು ಜನ ಕೂರೋ ಸೆಮಿನಾರಿಗೆ ಜಾಗ ಹುಡುಕ್ತಿರೋರು ಯಾರಾದ್ರೂ ಇದ್ರೆ ಬುಕ್ ಮಾಡೋಕೆ ಮುಂಚೆ ಇದನ್ನೊಂದ್ಸಲ ಓದ್ಕೊಳ್ಳಿ. ಮಂಟಪದ ಹೆಸ್ರು ಬರೆಯಲ್ಲ, ಯಾಕಂದ್ರೆ ನಮ್ಮ ಅಡ್ವಾನ್ಸ್ ಇನ್ನೂ ಅವ್ರ ಹತ್ರಾನೇ ಇದೆ.

ನಮ್ಮ ಫಿಸಿಕ್ಸ್ ಮೇಷ್ಟ್ರು ಜೀವಮಾನವಿಡೀ ನ್ಯೂಕ್ಲಿಯರ್ ಫಿಸಿಕ್ಸಲ್ಲೇ ಕಳೆದೋರು, ಮಲೆನಾಡಿನ ಕಲ್ಲು ಮಣ್ಣಲ್ಲಿ ಯುರೇನಿಯಂ ಎಷ್ಟು ಥೋರಿಯಂ ಎಷ್ಟು ಅಂತ ಅಳೆಯೋದೇ ಅವ್ರ ಕೆಲ್ಸ, ನಾವೆಲ್ಲ ಅವ್ರ ಹಿಂದೆ ಚೀಲ ಹಿಡ್ಕೊಂಡು ತೀರ್ಥಹಳ್ಳಿ ಆಗುಂಬೆ ಅಂತ ಜಿಗಣೆ ಕಚ್ಚಿಸ್ಕೊಂಡು ಅಲೆದೋರು. ಅವ್ರಿಗೆ ಸನ್ಮಾನ ಅಂತ ಶಾಲು ಹಾರ ಹಣ್ಣಿನ ಬುಟ್ಟಿ ಬೇಡ, ಒಂದಿನ ಪೂರ್ತಿ ಅವ್ರ ಕೆಲ್ಸದ ಬಗ್ಗೇನೇ ಮಾತಾಡೋಣ ಅಂತ ಹಳೇ ಸ್ಟೂಡೆಂಟ್ಸ್ ಸೇರಿ ವಿಚಾರ ಸಂಕಿರಣ ಇಟ್ಕೊಂಡ್ವಿ. ಕಾಲೇಜ್ ಆಡಿಟೋರಿಯಂ ಆ ದಿನ ಸಿಗ್ಲಿಲ್ಲ, ಆಷಾಢ ಬೇರೆ, ಮದ್ವೆ ಇಲ್ದೆ ಕಲ್ಯಾಣ ಮಂಟಪ ಖಾಲಿ ಹೊಡೀತಿತ್ತು, ರೇಟೂ ಕಮ್ಮಿ ಅಂದ್ರು, ಒಪ್ಕೊಂಡ್ವಿ.

ಬೆಳಗ್ಗೆ ಹೋಗಿ ನೋಡಿದ್ರೆ ಸ್ಟೇಜ್ ಮೇಲೆ ಗಂಡು ಹೆಣ್ಣು ಕೂರೋ ಕೆಂಪು ವೆಲ್ವೆಟ್ ಸಿಂಹಾಸನ ಜೋಡಿ! ತೆಗೀರಿ ಅಂದ್ರೆ ಮ್ಯಾನೇಜರ್ "ಸನ್ಮಾನ ಅಂದ್ರಲ್ಲ ಸಾರ್" ಅಂದ. ಮೇಷ್ಟ್ರು ಒಂದರಲ್ಲಿ ಕೂತು, ಮೇಡಂ ಅವ್ರನ್ನ ಕರೆದು ಪಕ್ಕದಲ್ಲಿ ಕೂರಿಸ್ಕೊಂಡು, ಫೋಟೋ ತೆಗೀರೋ ಅಂತ ನಕ್ಕರು, ಹಂಗಾಗಿ ಮರ್ಯಾದೆ ಉಳೀತು.

ಈಗ ಪ್ರೊಜೆಕ್ಟರ್ ವಿಷಯ. ಪ್ರೊಜೆಕ್ಟರ್ ಇದೆ ಅಂದಿದ್ರು, ಇತ್ತು, ಸುಳ್ಳಲ್ಲ. ಆದ್ರೆ ಸ್ಟೇಜಿನ ಫೋಕಸ್ ಲೈಟ್ ಆಫ್ ಮಾಡಿದ್ರೆ ಫ್ಯಾನೂ ಮೈಕೂ ಎಲ್ಲ ಆಫ್, ಒಂದೇ ಲೈನಂತೆ. ಗಾಮಾ ಸ್ಪೆಕ್ಟ್ರಮ್, ಅಂದ್ರೆ ಯಾವ ಶಕ್ತಿಯ ಗಾಮಾ ಕಿರಣ ಎಷ್ಟು ಬಂತು ಅನ್ನೋ ಗ್ರಾಫ್, ತೋರಿಸ್ಬೇಕಾದ್ರೆ ಅದ್ರಲ್ಲಿರೋ ಗುಡ್ಡಗಳು ಕಾಣ್ಬೇಕು, 1460 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ರ ವಿಕಿರಣ ಸೂಸೋ ಪೊಟ್ಯಾಶಿಯಂ-40ದು, 2614ರ ಹತ್ರ ಥೋರಿಯಂ ಕ್ಷಯಿಸ್ತಾ ಹೋದಂಗೆ ಹುಟ್ಟೋ ಥ್ಯಾಲಿಯಂದು, ಆ ಗುಡ್ಡದ ಜಾಗ ನೋಡಿನೇ ಮಣ್ಣಲ್ಲಿ ಏನಿದೆ ಅಂತ ಹೇಳೋದು. ನಮ್ಗೆ ಪರದೆ ಮೇಲೆ ಕಂಡಿದ್ದು ಬರೀ ಆಗುಂಬೆ ಮಂಜು.

ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲ್ಸ ಮಾಡೋ ಗೆಳೆಯನ ಸರದಿ ಬಂತು. 220 ಮೆಗಾವ್ಯಾಟಿನ 1ನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರ ತನಕ 962 ದಿನ ಒಂದೇ ಸಮನೆ ನಿಲ್ದೆ ಓಡ್ತು, ಆಗ ಅದು ವಿಶ್ವ ದಾಖಲೆ ಅಂತ ಹೇಳ್ತಿದ್ದಂಗೇ ಕರೆಂಟ್ ಹೋಯ್ತು. ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕಂದ್ರು. ಜನರೇಟರ್ ಹುಡ್ಗ ಟೀಗೆ ಹೋಗಿದ್ದ, ಬರೋಕೆ ಇಪ್ಪತ್ತು ನಿಮಿಷ. (ಶರಾವತಿ ಪಕ್ಕದಲ್ಲಿದ್ಕೊಂಡು ನಾವು ಕತ್ತಲಲ್ಲಿ ಕೂರೋದು ಹೊಸದೇನಲ್ಲ ಬಿಡಿ.)

ಆ ಇಪ್ಪತ್ತು ನಿಮಿಷ ಮಾತ್ರ ನಂಗೆ ಮರೆಯೋಕಾಗಲ್ಲ. ಮೇಷ್ಟ್ರು ಬ್ಯಾಗಿಂದ ಬ್ಯಾಟರಿ ಮೇಲೆ ಓಡೋ, ವಿಕಿರಣ ತಗುಲಿದ್ರೆ ಟಿಕ್ ಅನ್ನೋ ಸಣ್ಣ ಗೈಗರ್ ಕೌಂಟರ್ ತೆಗೆದ್ರು, ಜೊತೆಗೆ ಒಂದು ಪ್ಲಾಸ್ಟಿಕ್ ಕವರ್, ಅದ್ರಲ್ಲಿ ಕೆಂಪು ಪೊಟ್ಯಾಶ್ ಗೊಬ್ಬರ, ತಮ್ಮ ಅಡಿಕೆ ತೋಟಕ್ಕೆ ತಂದಿದ್ರಲ್ಲೇ ಒಂದು ಹಿಡಿ. ಕತ್ತಲಲ್ಲಿ ಎಲ್ರೂ ಗಪ್‌ಚಿಪ್. ಮೊದ್ಲು ಸುಮ್ನೆ ಹಿಡಿದ್ರು, ಟಿಕ್... ಟಿಕ್... ಆಮೇಲೆ ಗೊಬ್ಬರದ ಮೇಲೆ ಹಿಡಿದ್ರು, ಟಿಕ್‌ಟಿಕ್ ಟಿಕ್ ಟಿಕ್‌ಟಿಕ್, ಗೊತ್ತಾಗೋವಷ್ಟು ಜಾಸ್ತಿ. ಪೊಟ್ಯಾಶ್ ಗೊಬ್ಬರದಲ್ಲಿರೋದು ಪೊಟ್ಯಾಶಿಯಂ, ಅದು ಎಲ್ಲಿದ್ರೂ ಹತ್ತು ಸಾವಿರ ಪರಮಾಣುಲಿ ಒಂದರ ಲೆಕ್ಕದಲ್ಲಿ ಪೊಟ್ಯಾಶಿಯಂ-40 ಇದ್ದೇ ಇರುತ್ತೆ, ಅದು ಅರ್ಧ ಆಗೋಕೆ 125 ಕೋಟಿ ವರ್ಷ, ನಿಮ್ಮ ಮೈಯಲ್ಲೂ ಇದೆ, ಹೆದರ್ಬೇಡಿ ಅಂದ್ರು. ಅಡುಗೆ ಭಟ್ರು ಸೌಟು ಕೈಯಲ್ಲೇ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರು, "ಹಂಗಾರೆ ಬಾಳೆಹಣ್ಣು ಬಡ್ಸ್ಬೌದಾ?" ಅಂದ್ರು. ಬಡಿಸಿ, ಅದ್ರಲ್ಲೂ ಪೊಟ್ಯಾಶಿಯಂ ಇದೆ, ಒಂದು ಹಣ್ಣಲ್ಲಿ ಸೆಕೆಂಡಿಗೆ ಹದಿನೈದರಷ್ಟು ಪರಮಾಣು ಸಿಡಿಯುತ್ತೆ ಅಷ್ಟೇ, ನಾನು ದಿನಾ ಎರಡು ತಿಂತೀನಿ ಅಂದ್ರು ಮೇಷ್ಟ್ರು.

ಮಧ್ಯಾಹ್ನ ಅಣು ವಿಜ್ಞಾನಿ ರಾಜಾ ರಾಮಣ್ಣ ಅವ್ರ ಬಗ್ಗೆ ಒಂದು ಮಾತಿತ್ತು, 1925ರಲ್ಲಿ ತುಮಕೂರು ಸೀಮೇಲಿ ಹುಟ್ಟಿದೋರು 1974ರ ಪೋಖ್ರಾನ್ ಅಣು ಪರೀಕ್ಷೆವರೆಗೆ ಹೋಗಿದ್ದು, ಪಿಯಾನೋ ನುಡಿಸ್ತಿದ್ದಿದ್ದು ಎಲ್ಲ. ಚೆನ್ನಾಗಿತ್ತು, ಆದ್ರೆ ಮೈಕ್ ಕುಂಯ್ ಅಂತಿದ್ರಿಂದ ಹಿಂದೆ ಕೂತೋರಿಗೆ ಪಿಯಾನೋ ಅಂದಿದ್ದಷ್ಟೇ ಕೇಳಿಸ್ತಂತೆ.

ಊಟ ಹೇಳ್ಲೇಬೇಕು. ಅಡುಗೆ ಕಾಂಟ್ರಾಕ್ಟ್ ಮಂಟಪದೋರದ್ದಲ್ಲ, ಬೇರೆ ಭಟ್ರದ್ದು. ಒಂದೆಲಗದ ತಂಬುಳಿ, ಕಳಲೆ ಪಲ್ಯ, ಬಿಸಿಬಿಸಿ ಕೊಟ್ಟೆ ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಕಳಲೆ ಸರಿಯಾಗಿ ನೆನೆಸಿದ್ರು, ಒಂಚೂರೂ ಕಹಿ ಇಲ್ಲ. ಹೊರಗೆ ಮಳೆ ಧೋ ಅಂತಿರೋವಾಗ ಎರಡನೇ ಸಲ ತಂಬುಳಿ ಹಾಕಿಸ್ಕೊಂಡು ಕುಡಿಯೋ ಸುಖ ಬೇರೆ. ಎಲೆಗೆ 220 ರೂಪಾಯಿ, ದುಬಾರಿ ಅಲ್ಲವೇ ಅಲ್ಲ. ಕಾಫಿ ಮಾತ್ರ ನಾಲ್ಕಕ್ಕೆ ಹೇಳಿದ್ದು ಐದಕ್ಕೆ ಬಂತು.

ಒಟ್ನಲ್ಲಿ ಮದ್ವೆ ಮುಂಜಿಗೆ ಧಾರಾಳವಾಗಿ ತಗೊಳ್ಳಿ. ಸ್ಲೈಡ್ ತೋರ್ಸೋ ಕಾರ್ಯಕ್ರಮ ಆದ್ರೆ ಹಿಂದಿನ ದಿನಾನೇ ಹೋಗಿ ಲೈಟ್ ಆಫ್ ಮಾಡ್ಸಿ ನೋಡಿ, ಜನರೇಟರ್ ಹುಡ್ಗನ ನಂಬರ್ ಇಸ್ಕೊಳ್ಳಿ, ಪ್ರೊಜೆಕ್ಟರ್ ಹೊರಗಿಂದ ತನ್ನಿ. ಪೊಟ್ಯಾಶ್ ಕವರ್ ಅಲ್ಲೇ ಮರೆತು ಬಂದಿದ್ವಿ, ಮಾರನೇ ದಿನ ಫೋನ್ ಮಾಡಿದ್ರೆ ಭಟ್ರು ಅದನ್ನ ಆಗ್ಲೇ ಅವ್ರ ಮನೆ ತೆಂಗಿನ ಬುಡಕ್ಕೆ ಹಾಕಿಯಾಗಿತ್ತು. ಅಡ್ವಾನ್ಸ್ ಕೇಳಿದ್ರೆ ಮ್ಯಾನೇಜರ್ ಸೋಮವಾರ ಅಂದಿದಾನೆ, ಯಾವ ಸೋಮವಾರ ಅಂತ ಹೇಳಿಲ್ಲ.